ಹುಳಗಳಿಗೆ ತಂಪು ಮಾಡಿದ ಮೇಟಣ್ಣ

ಈ ಹುಳಗಳ ಸಂಗತಿ ನಡೆದಾಗ ನನಗೆ ಐವತ್ತೆರಡು. ಈಗ ಅದಕ್ಕೆ ಹದಿಮೂರು ವರ್ಷವಾಯಿತು. ನಮ್ಮ ಮೇಟಣ್ಣನ ಬಲಗೈ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಕಾದ ರೈಲು ಹಳಿ ಮುಟ್ಟಿ ಮುಟ್ಟಿ ಅಳಿಸಿಹೋಗಿದ್ದವು. ಅಲ್ಲಿಯ ಚರ್ಮ ತಿಕ್ಕಿದ ತಂಬಿಗೆಯ ತಳದ ಹಾಗೆ ಹೊಳೆಯುತ್ತಿತ್ತು. ಹಳಿಯ ಕಾವು ನೋಡಲು ಅವರಿಗೆ ಥರ್ಮಾಮೀಟರ್ ಕೊಟ್ಟಿದ್ದರು. ಅದನ್ನು ನೋಡಿ, ಮೇಲಿನವರಿಗೆ ಫೋನಿನಲ್ಲಿ ಹೇಳಿ, ಆಮೇಲೆ ತಾವೂ ಒಮ್ಮೆ ಅಂಗೈ ಊರುತ್ತಿದ್ದರು. ಕೈಗೆ ತಿಳಿಯದ ಹೊರತು ಅವರಿಗೆ ಏನೂ ತಿಳಿದಂತಾಗುತ್ತಿರಲಿಲ್ಲ. ಚಹಾದ ಗ್ಲಾಸು, ನೀರಿನ ಮೋಟಾರು, ಯಾರದೋ ಕೂಸಿನ ಹಣೆ, ಬಿಸಿಲಿಗೆ ನಿಂತ ಎಮ್ಮೆಯ ಬೆನ್ನು, ಎಲ್ಲಕ್ಕೂ ಆ ಕೈ ಹೋಗಬೇಕು. ಮುಟ್ಟಿದ ಮೇಲೆ ಸುಮ್ಮನೆ ಬಿಡುವ ಮನುಷ್ಯ ಅಲ್ಲ. ಏನಾದರೂ ಮಾಡಬೇಕು. ಅದೇ ಅವರ ರೋಗ.

ರೈಲಿನ ಹಳಿ ನೋಡಿಕೊಳ್ಳುವ ಆಳುಗಳ ಗುಂಪಿಗೆ ಗ್ಯಾಂಗ್ ಅನ್ನುತ್ತಾರೆ. ಗ್ಯಾಂಗಿನ ಹಿರಿಯನಿಗೆ ಮೇಟ್. ವಾಡಿಯಿಂದ ನಾಲವಾರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ತುಂಡು ನಮ್ಮ ಗ್ಯಾಂಗಿನದು. ಗಂಡ ಸತ್ತ ಮೇಲೆ ಅವನ ನೌಕರಿ ನನಗೆ ಬಂತು. ಆ ಗ್ಯಾಂಗಿನಲ್ಲಿ ಹೆಣ್ಣು ನಾನೊಬ್ಬಳೇ. ಮೊದಲ ದಿನ ಮೇಟಣ್ಣ ನನ್ನ ಮುಖ ನೋಡದೆ ಹೇಳಿದರು, ‘ತಂಗಿ, ಇಲ್ಲಿ ಅಳಲಿಕ್ಕ ಪುರಸೊತ್ತು ಸಿಗೂದಿಲ್ಲ. ಅಳೂದಿದ್ರ ಮನ್ಯಾಗ ಅತ್ತು ಬಾ.’ ನಾನು ಮನೆಯಲ್ಲೂ ಅತ್ತಿರಲಿಲ್ಲ. ‘ಏನ್ ಮಾಡ್ಬೇಕು ಹೇಳ್ರಿ’ ಅಂದೆ. ಅವತ್ತಿನಿಂದ ನಮ್ಮಿಬ್ಬರಿಗೂ ಹೊಂದಿಕೆಯಾಯಿತು.

ಅವರು ಕೂತದ್ದನ್ನು ಯಾರೂ ನೋಡಿರಲಿಲ್ಲ. ಮಧ್ಯಾಹ್ನ ನಾವೆಲ್ಲ ಗ್ಯಾಂಗಿನ ಗುಡಿಸಲ ನೆರಳಿನಲ್ಲಿ ಬುತ್ತಿ ಬಿಚ್ಚಿದರೆ ಅವರು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿಕೊಂಡು, ಅದನ್ನು ಕೈಯಲ್ಲೇ ಹಿಡಿದು ಹಳಿಯ ಗುಂಟ ತಿನ್ನುತ್ತ ಅಡ್ಡಾಡುತ್ತಿದ್ದರು. ‘ಕುಂದ್ರಿ ಮೇಟಣ್ಣ, ಗಂಟಲಾಗ ಇಳೀಲಿ’ ಅಂದರೆ ‘ತಡಿ, ಜರಾ ನೋಡ್ತೀನಿ’ ಅನ್ನುತ್ತಿದ್ದರು. ಏನನ್ನು ನೋಡುತ್ತೀರಿ ಎಂದು ಕೇಳಿದರೆ ಅವರಿಗೂ ಗೊತ್ತಿರುತ್ತಿರಲಿಲ್ಲ. ನಮ್ಮ ಗ್ಯಾಂಗಿನ ಮೈಬೂಬ ಬಾಯಿಬಡುಕ. ‘ಮೇಟ್ ಸಾಬ್ ಸತ್ತರೂ ನಾಲ್ಕು ಮಂದಿ ಹೆಗಲ ಮ್ಯಾಲೆ ಸುಮ್ಮ ಮಲಗೂದಿಲ್ಲ, ಎದ್ದು ದಾರಿ ಹೇಳ್ತಾರ’ ಅನ್ನುತ್ತಿದ್ದ. ಅವರ ಎದುರಿಗೇ ಅನ್ನುತ್ತಿದ್ದ. ಅವರು ನಗುತ್ತಿದ್ದರು, ನಗುತ್ತಲೇ ಇನ್ನೊಂದು ಕೆಲಸ ಹೇಳುತ್ತಿದ್ದರು.

ನಮ್ಮದು ಕಲ್ಲಿನ ಸೀಮೆ. ಒಂದು ಮೊಳ ಅಗೆದರೆ ಶಹಾಬಾದಿನ ಕಲ್ಲು ಸಿಗುತ್ತದೆ. ಬೇಸಿಗೆಯಲ್ಲಿ ಕೆಳಗಿನ ಕಲ್ಲೂ ಕಾಯುತ್ತದೆ, ಮೇಲಿನ ಹಳಿಯೂ ಕಾಯುತ್ತದೆ. ಕಾದ ಹಳಿ ಉದ್ದ ಬೆಳೆಯುತ್ತದೆ. ಬೆಳೆಯಲು ಜಾಗ ಸಿಗದಿದ್ದರೆ ಹಾವಿನ ಹಾಗೆ ಸೊಟ್ಟಾಗುತ್ತದೆ. ಮೇಲೆ ಗಾಡಿ ಬಂದರೆ ಮುಗಿಯಿತು. ಹಾಗಾಗಿ ಕಾವು ಮಿತಿ ಮೀರಿದ ದಿನ ನಾವು ಗೋಣಿ ತಟ್ಟುಗಳನ್ನು ನೀರಿನಲ್ಲಿ ನೆನೆಸಿ ಹಳಿಗೆ ಹೊದಿಸುತ್ತಿದ್ದೆವು. ಆರಿದ ಹಾಗೆ ಮತ್ತೆ ನೀರು. ಮೇಟಣ್ಣ ಹುಡುಗನಾಗಿದ್ದಾಗಿನಿಂದ ಮಾಡಿದ್ದು ಅದನ್ನೇ. ಕಾದದ್ದು ಕಂಡರೆ ಒದ್ದೆ ಗೋಣಿ ಹಾಕು. ಅವರ ತಲೆಯಲ್ಲಿ ಬೇಸಿಗೆಗೆ ಇದ್ದದ್ದು ಅದೊಂದೇ ಔಷಧಿ.

ಈಗ ಕಸದ ಮಾತು. ಬಿಳಿ ಹೂವಿನ ಪಾರ್ಥೇನಿಯಂ ಗಿಡಕ್ಕೆ ನಮ್ಮ ಕಡೆ ಕಾಂಗ್ರೆಸ್ ಕಸ ಅನ್ನುತ್ತಾರೆ. ಮಳೆ ಬಿದ್ದರೆ ಸಾಕು, ಹಳಿಯ ಎರಡೂ ಬದಿ ಸೊಂಟದ ತನಕ ಏಳುತ್ತಿತ್ತು. ಅದನ್ನು ಕಿತ್ತು ದಾರಿ ತೆರವು ಮಾಡುವುದೂ ನಮ್ಮದೇ ಕೆಲಸ. ಮಂದಿಗೆ ತುರಿಕೆ ಬರುತ್ತಿತ್ತು, ಹೋಗುತ್ತಿತ್ತು. ನನಗೆ ಬಂದದ್ದು ಹೋಗಲಿಲ್ಲ. ಮೊದಲು ಮೊಣಕೈ, ಆಮೇಲೆ ಕುತ್ತಿಗೆ. ಚರ್ಮ ಎಮ್ಮೆಯ ತೊಗಲಿನ ಹಾಗೆ ದಪ್ಪಗಾಗಿ ಸೀಳಿತು. ಕೆರೆದರೆ ರಕ್ತ, ಬಿಟ್ಟರೆ ನಿದ್ದೆ ಇಲ್ಲ. ಹೂವು ಬಿಡುವ ಕಾಲಕ್ಕೆ ಉಸಿರೂ ಕಟ್ಟತೊಡಗಿತು. ನಾಲ್ಕು ಹೆಜ್ಜೆ ಓಡಿದರೆ ಎದೆಯೊಳಗೆ ಸೀಟಿ.

ಆ ವರ್ಷದ ಮಳೆಗಾಲದ ಆರಂಭದಲ್ಲಿ ಮೇಟಣ್ಣ ಒಂದು ರಟ್ಟಿನ ಡಬ್ಬಿ ತಂದರು. ಪ್ಯಾಸೆಂಜರ್ ಗಾಡಿಯಲ್ಲಿ ಅವರಿಗೆ ಕೃಷಿ ಇಲಾಖೆಯ ಒಬ್ಬ ಸಾಹೇಬರ ಪರಿಚಯವಾಗಿತ್ತಂತೆ. ಡಬ್ಬಿಯೊಳಗೆ ಹುಳಗಳು. ಕಡಲೆಕಾಳಿಗಿಂತ ಸಣ್ಣವು, ಕೆನೆ ಬಣ್ಣದ ಬೆನ್ನು, ಅದರ ಮೇಲೆ ಕಂದು ಗೆರೆ.

ಮೈಬೂಬ ಇಣುಕಿ ನೋಡಿದ. ‘ಇವು ಏನ್ ಮಾಡ್ತಾವ್ರಿ?’

‘ಕಾಂಗ್ರೆಸ್ ಕಸ ತಿಂತಾವ. ಬ್ಯಾರೆ ಮುಟ್ಟೂದಿಲ್ಲ.’

‘ಹಂಗಾರ ನಮ್ಮ ಹಾಜರಿ ಪಟ್ಟಿಯಾಗ ಇವುಗಳ ಹೆಸರೂ ಬರಸ್ರಿ. ನಮಗಿಂತ ಚಲೋ ಕೆಲಸ ಮಾಡ್ತಾವೇನೋ.’

ಗುಡಿಸಲಿನ ಸುತ್ತಲ ಕಸದ ಮೇಲೆ ಅವನ್ನು ಬಿಟ್ಟರು. ಕೆಲವು ವಾರಗಳಲ್ಲಿ ಎಲೆಗಳು ಜರಡಿಯಾದವು. ಎಲೆಯ ಹಿಂದೆ ಹಳದಿ ತತ್ತಿ, ತತ್ತಿಯಿಂದ ಮರಿ, ಮರಿಯ ಬಾಯಿ ಒಂದು ಗಳಿಗೆ ನಿಲ್ಲದು. ದಸರೆಯ ಹೊತ್ತಿಗೆ ಗುಡಿಸಲಿನಿಂದ, ನೀರು ಹಾಯಲು ಹಳಿಯ ಕೆಳಗೆ ಕಟ್ಟಿದ ಮೋರಿಯ ತನಕ, ಮೋರಿ ದಾಟಿಯೂ ಸ್ವಲ್ಪ ದೂರ, ಬರೀ ಕಡ್ಡಿ ನಿಂತಿದ್ದವು. ಆದರೆ ಅಷ್ಟರಲ್ಲಿ ಹೂವು ಬಿಟ್ಟು ಉದುರಿಯೂ ಆಗಿತ್ತು, ನನ್ನ ಎದೆ ಕಟ್ಟಿಯೂ ಆಗಿತ್ತು. ಚಳಿ ಬೀಳುತ್ತಲೇ ಹುಳ ಒಂದೂ ಕಾಣಲಿಲ್ಲ.

ದೀಪಾವಳಿ ಮುಗಿದ ಮೇಲೆ ರೈಲಿನ ದವಾಖಾನೆಯಲ್ಲಿ ನಮ್ಮ ತಪಾಸಣೆ ಇತ್ತು. ಡಾಕ್ಟರು ನನ್ನ ಬೆನ್ನಿಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ‘ಬರೂ ವರ್ಷದ ಮಳಿಗಾಲ ನೋಡ್ತೀನಿ. ಆಗಲೂ ಹಿಂಗೇ ಇದ್ದರ ನಿಮ್ಮನ್ನ ಲೈನಿನ ಮ್ಯಾಲೆ ಇಡ್ಲಿಕ್ಕ ಬರೂದಿಲ್ಲ’ ಅಂದರು. ಒಳ್ಳೆಯ ಮನುಷ್ಯ. ನನ್ನ ಜೀವದ ಸಲುವಾಗಿಯೇ ಅಂದದ್ದು. ಲೈನಿನಿಂದ ತೆಗೆದರೆ ನೌಕರಿ ಹೋಗುವುದಿಲ್ಲ, ಎಲ್ಲೋ ದೂರದ ಆಫೀಸಿಗೆ ನೀರು ಕೊಡಲು, ಕಸ ಹೊಡೆಯಲು ಹಾಕುತ್ತಾರೆ. ನಾಲವಾರದ ಮನೆಯಲ್ಲಿ ನನ್ನ ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆಯಲ್ಲಿದ್ದಳು. ಅವಳನ್ನು ಹೊತ್ತುಕೊಂಡು ಎಲ್ಲಿಗೆ ಹೋಗಲಿ? ಬಿಟ್ಟು ಹೋದರೆ ಯಾರು ನೋಡುತ್ತಾರೆ?

ಮೇಟಣ್ಣನಿಗೆ ಹೇಳಿದೆ. ಅವರು ನನಗೆ ಸಮಾಧಾನ ಹೇಳಲಿಲ್ಲ. ‘ನೀ ಹೋದ್ರ ನಿನ್ನ ಬದಲಿ ಯಾರನ್ನೂ ಕೊಡೂದಿಲ್ಲ. ಇದ್ದ ಮಂದಿ ಮ್ಯಾಲೇ ಬೀಳ್ತದ ಕೆಲಸ’ ಅಂದರು. ಸ್ವಲ್ಪ ದೂರ ನಡೆದು ಹೋಗಿ ತಿರುಗಿ ಬಂದರು. ‘ಹುಳ ಉಳೀಬೇಕು. ಮಳಿ ಬಿದ್ದ ಕೂಡ್ಲೇ ಎದ್ದರ ಕಸ ಹೂವ ಬಿಡೂದ್ರಾಗ ತಿಂದು ಮುಗಿಸ್ತಾವ.’

ಆಮೇಲೆ ಅವರಿಗೆ ಅದೇ ಧ್ಯಾನ. ಸಾಹೇಬರಿಗೆ ಫೋನು ಹಚ್ಚಿ, ನನಗೂ ಕೇಳಲಿ ಎಂದು ದೊಡ್ಡ ದನಿಯಲ್ಲಿ ಇಟ್ಟರು. ಸಾಹೇಬರು ಬಿಡಿಸಿ ಹೇಳಿದರು, ‘ನೋಡ್ರಿ, ಈ ಹುಳಕ್ಕ ಮಳಿಗಾಲದ ಹವಾ ಬೇಕು. ಭಾಳ ಬಿಸಲಾದ್ರ ತತ್ತಿ ಒಡಿಯೂದಿಲ್ಲ. ಭಾಳ ಚಳಿ ಆದ್ರ ಉಣ್ಣೂದಿಲ್ಲ. ಅದಕ್ಕ ಚಳಿಗಾಲ ಬ್ಯಾಸಗಿ ಎರಡೂ ಮಣ್ಣಾಗ ಇಳಿದು ಮಲಗ್ತಾವ. ಮಲಗಿದ್ದಾಗ ಬಿಸಲು ಏನೂ ಮಾಡೂದಿಲ್ಲ. ನೀವು ಎಬ್ಬಸಬ್ಯಾಡ್ರಿ, ಅಷ್ಟೇ.’

‘ಆಯ್ತ್ರಿ’ ಅಂದರು ಮೇಟಣ್ಣ. ಅವರಿಗೆ ಜಗತ್ತಿನಲ್ಲಿ ಇದಕ್ಕಿಂತ ಕಷ್ಟದ ಕೆಲಸ ಕೊಡಲು ಆಗುತ್ತಿರಲಿಲ್ಲ.

ಆ ಬೇಸಿಗೆ ಹೇಗಿತ್ತು ಎಂದರೆ, ಕಾಗೆಗಳು ಗುಡಿಸಲೊಳಗೆ ಬಂದು ನಮ್ಮ ಕಾಲ ಬಳಿ ಬಾಯಿ ತೆರೆದು ನಿಲ್ಲುತ್ತಿದ್ದವು. ಓಡಿಸಿದರೂ ಹೋಗುತ್ತಿರಲಿಲ್ಲ. ಮಧ್ಯಾಹ್ನ ಮೇಟಣ್ಣ ಹಳಿಗೆ ಅಂಗೈ ಊರಿ, ಅಲ್ಲಿಂದ ನೆಟ್ಟಗೆ ಹುಳ ಮಲಗಿದ ನೆಲಕ್ಕೆ ಬಂದು ಅಲ್ಲಿಯೂ ಊರುತ್ತಿದ್ದರು. ಹೋಗುವುದು, ಬರುವುದು, ಮುಟ್ಟುವುದು. ಒಂದು ದಿನ ಬೆರಳಿನಿಂದ ಮಣ್ಣು ಕೆದರಿ ಒಂದು ಹುಳ ತೆಗೆದರು. ಕಾಲು ಮಡಚಿಕೊಂಡು ಕಲ್ಲಿನ ಹರಳಿನ ಹಾಗೆ ಬಿದ್ದಿತ್ತು.

‘ಸತ್ತದ ಅನ್ನಸ್ತದ’ ಅಂದರು.

‘ಮಲಗ್ಯದ್ರಿ. ಸಾಹೇಬ್ರು ಹೇಳ್ಯಾರಲ್ಲ’ ಅಂದೆ.

‘ಅಂವಾ ಫ್ಯಾನಿನ ಕೆಳಗ ಕುಂತು ಹೇಳ್ತಾನ. ಕಬ್ಬಿಣದ ಹಳಿನೇ ಈ ಬಿಸಲಿಗಿ ಸೊಟ್ಟಗಾಗ್ತದ. ಇಷ್ಟಗಲ ಜೀವ ಹ್ಯಾಂಗ ತಡೀತದ ನೀನೇ ಹೇಳು.’

ಮೈಬೂಬ ನೆರಳಿನಿಂದಲೇ ಕೂಗಿದ, ‘ಹುಳಕ್ಕ ಒಂದು ಕೂಲರ್ ಹಚ್ಚೂಣೇನ್ರಿ ಸಾಬ್? ಲೈಟ್ ಬಿಲ್ ನಾ ಕಟ್ತೀನಿ.’

ಅವತ್ತು ಮೇಟಣ್ಣ ನಗಲಿಲ್ಲ. ಗುಡಿಸಲೊಳಗೆ ಹೋಗಿ ಹಳಿಗೆ ಹೊದಿಸುವ ಗೋಣಿ ತಟ್ಟುಗಳನ್ನು ಎಳೆದು ತಂದರು. ಡ್ರಮ್ಮಿನಲ್ಲಿ ಮುಳುಗಿಸಿದರು. ನೀರು ಸೋರುವ ತಟ್ಟುಗಳನ್ನು ಗುಡಿಸಲಿನಿಂದ ಮೋರಿಯ ತನಕ ನೆಲಕ್ಕೆ ಹಾಸಿದರು. ಮೋರಿಗೆ ಬರುವಷ್ಟರಲ್ಲಿ ತಟ್ಟು ಮುಗಿದವು. ಆಚೆಯ ನೆಲ ಹಾಗೇ ಉಳಿಯಿತು.

‘ಮೇಟಣ್ಣ, ಅವರು ಎಬ್ಬಸಬ್ಯಾಡ ಅಂದಾರ’ ಅಂದೆ.

‘ನಾ ಎಲ್ಲಿ ಎಬ್ಬಸ್ಲಿಕತ್ತೀನಿ? ತಂಪು ಮಾಡ್ಲಿಕತ್ತೀನಿ.’

ಮೇಟ್ ಹೇಳಿದ ಮೇಲೆ ನಾವೂ ಕೊಡ ಹೊತ್ತೆವು. ದಿನಾ ಮಧ್ಯಾಹ್ನ ಹಳಿಗೊಂದು ಸಲ, ಹುಳಕ್ಕೊಂದು ಸಲ. ನೆಲ ತಂಪಾಯಿತು. ಮೇಟಣ್ಣ ಕೈ ಊರಿ ನೋಡಿ ‘ಈಗ ಬರೊಬ್ಬರಿ ಆಯ್ತು’ ಅನ್ನುತ್ತಿದ್ದರು. ಆ ವಾರ ಅವರ ಮುಖದಲ್ಲಿ ಸ್ವಲ್ಪ ಶಾಂತಿ ಇತ್ತು. ಒದ್ದೆ ಮಣ್ಣಿನ ವಾಸನೆಗೆ ನಮಗೂ ಹಿತವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ದಿನ ತಟ್ಟು ಎತ್ತಿದರೆ ಕೆಳಗೆ ನೆಲವೇ ಹರಿದಾಡುತ್ತಿತ್ತು. ಹುಳಗಳೆಲ್ಲ ಮೇಲೆ ಬಂದಿದ್ದವು. ಮೊದಲು ಮೇಟಣ್ಣನಿಗೆ ಸಂತೋಷವಾಯಿತು. ‘ಬದುಕ್ಯಾವ ನೋಡು ತಂಗಿ, ಎಲ್ಲಾ ಬದುಕ್ಯಾವ’ ಅಂದರು. ಹುಳಗಳು ಎಲೆ ಹುಡುಕುತ್ತ ಹೊರಟವು. ಎಲೆ ಎಲ್ಲಿದೆ? ಆ ಬಿಸಿಲಿನಲ್ಲಿ ಹುಲ್ಲುಕಡ್ಡಿಯೂ ಹಸಿರಿರಲಿಲ್ಲ. ಕಳೆದ ವರ್ಷದ ಒಣ ಕಡ್ಡಿ ಹತ್ತಿದವು, ಇಳಿದವು. ಹಳಿಯ ಕೆಳಗಿನ ಖಡಿಯ ಮೇಲೆ ಹೋದವು. ಆ ಕಲ್ಲು ಬರಿಗಾಲಿನಲ್ಲಿ ನಾವೇ ತುಳಿಯಲು ಆಗದಂಥದು. ಅಲ್ಲಿಗೆ ಹೋದವು ಹೋದಲ್ಲಿಯೇ ಮಗುಚಿ ಬಿದ್ದವು.

ಆಗ ಮೇಟಣ್ಣ ಓಡಾಡಿದ್ದನ್ನು ನೆನೆಸಿದರೆ ಈಗಲೂ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ತಲೆಯ ವಸ್ತ್ರ ಬಿಚ್ಚಿ ಅದರಲ್ಲಿ ಹುಳ ಬಳಿದುಕೊಂಡರು. ಸ್ಟೇಷನ್ನಿನ ನಲ್ಲಿ ನೀರು ಹರಿಯುವ ಕಡೆ ನಾಲ್ಕು ಕಾಂಗ್ರೆಸ್ ಗಿಡ ಹಸಿರಾಗಿವೆ ಎಂದು ನೆನಪಾಗಿ ಅಲ್ಲಿಗೆ ಓಡಿದರು. ತಿರುಗಿ ಬಂದರು, ಮತ್ತೆ ಬಳಿದರು, ಮತ್ತೆ ಓಡಿದರು. ನಾವೂ ಮುಂಡಾಸು, ಸೆರಗು, ಸಿಕ್ಕಿದ್ದರಲ್ಲಿ ಹಿಡಿದೆವು. ಆ ನಾಲ್ಕು ಗಿಡ ಎಷ್ಟು ಹುಳಕ್ಕೆ ಸಾಕು? ಇರುವೆ ಬಂದವು. ಮರುದಿನಕ್ಕೆ ಗಿಡದಲ್ಲಿ ಎಲೆಯೂ ಇರಲಿಲ್ಲ, ಹುಳವೂ ಇರಲಿಲ್ಲ.

ಸಾಹೇಬರಿಗೆ ಫೋನು ಮಾಡಿದರು. ಅವರು ಕೇಳಿದ್ದು ಒಂದೇ, ‘ನೀರು ಹಾಕಿದ್ರೇನ್ರಿ?’

‘ಹಾಕೀನ್ರಿ. ಕಾವು ಭಾಳ ಇತ್ತು.’

‘ಕಾವು ತಡೀತಿದ್ವು. ಒದ್ದಿ ಆಯ್ತಲ್ಲ, ಮಳಿ ಬಂತು ಅಂತ ತಿಳದು ಎದ್ದಾವ.’ ಅವರು ಬೈಯಲಿಲ್ಲ. ಬೈದಿದ್ದರೆ ಮೇಟಣ್ಣನಿಗೆ ಚೆನ್ನಾಗಿತ್ತು.

ಫೋನು ಇಟ್ಟು ಮೇಟಣ್ಣ ಗುಡಿಸಲಿನ ಹೊಸ್ತಿಲ ಮೇಲೆ ಕೂತುಬಿಟ್ಟರು. ಮೈಬೂಬ ಅವರನ್ನೂ ನೋಡಿದ, ನನ್ನನ್ನೂ ನೋಡಿದ, ಗೋಣಿ ತಟ್ಟುಗಳನ್ನು ಒಂದೊಂದಾಗಿ ಮಡಚತೊಡಗಿದ.

‘ತಂಗಿ, ನಿನ್ನ ಎದಿ...’ ಅಂದರು ಮೇಟಣ್ಣ.

‘ನನ್ನ ಎದಿ ನಾ ನೋಡ್ಕೋತೀನಿ. ಏಳ್ರಿ, ಗಾಡಿ ಬರೂ ಹೊತ್ತಾಯ್ತು.’

ಎದ್ದರು. ಆದರೆ ಆಮೇಲೆ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ. ಜೂನ್ ಕಡೆಗೆ ಅವರ ನೌಕರಿ ಮುಗಿಯಿತು. ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಹಾರ ಹಾಕಿದೆವು, ಮಿರ್ಚಿ ಭಜಿ ತಿಂದೆವು. ಎಲ್ಲರ ಕೈ ಹಿಡಿದರು. ನನ್ನ ಮುಂದೆ ಬಂದಾಗ ‘ಮೂಗಿಗೆ ಬಟ್ಟಿ ಕಟ್ಟಿಕೊ’ ಅಂದರು, ಅಷ್ಟೇ. ಚಿಂಚೋಳಿ ಬಳಿಯ ತಮ್ಮ ಊರಿಗೆ ಹೋದರು.

ಮಳೆ ಬಂತು. ಕಸ ಬಂತು. ಗುಡಿಸಲಿನಿಂದ ಮೋರಿಯ ತನಕ ಒಂದು ಹುಳ ಕಾಣಲಿಲ್ಲ. ಸೆರಗಿನಿಂದ ಮೂಗು ಬಿಗಿದುಕೊಂಡು ಕಿತ್ತೆ. ಕುತ್ತಿಗೆ ಮತ್ತೆ ಸೀಳಿತು. ದೂರದ ಆಫೀಸು ಯಾವ ಊರಿನದಾಗಿರಬಹುದು, ಅತ್ತೆಯನ್ನು ಮಲಗಿಸಿಕೊಂಡು ಒಯ್ಯಲು ಗಾಡಿಯಲ್ಲಿ ಬಿಡುತ್ತಾರೋ ಇಲ್ಲವೋ, ಇದೇ ತಲೆಯಲ್ಲಿ ಸುತ್ತುತ್ತಿತ್ತು.

ಒಂದು ದಿನ ಮೋರಿಯ ಆಚೆ ಕಲ್ಲು ಸರಿಮಾಡುತ್ತಿದ್ದ ಮೈಬೂಬ ಕರೆದ. ‘ಅಕ್ಕಾ, ಇಲ್ಲಿ ಬಾ. ನಿಮ್ಮ ಮಂದಿ ಡ್ಯೂಟಿಗಿ ಬಂದಾರ.’ ಹೋಗಿ ನೋಡಿದೆ. ಕಸದ ಎಲೆಗಳು ಜರಡಿ. ಅಡಿಯಲ್ಲಿ ಹಳದಿ ತತ್ತಿ. ಗೆರೆಯ ಬೆನ್ನಿನ ಹುಳಗಳು ತಲೆ ಎತ್ತದೆ ತಿನ್ನುತ್ತಿದ್ದವು. ಗೋಣಿ ತಟ್ಟು ಮುಟ್ಟದೆ ಉಳಿದಿದ್ದ ನೆಲ ಅದು. ಬಿಸಿಲಿನಲ್ಲಿ ಹಾಗೇ ಕಾದು ಬಿದ್ದಿದ್ದರೂ, ಒಳಗಿನವು ಮಲಗಿಯೇ ಇದ್ದು ಮಳೆಗೆ ಸರಿಯಾಗಿ ಎದ್ದಿದ್ದವು.

ಮೇಟಣ್ಣನಿಗೆ ಫೋನು ಮಾಡಿದೆ. ನಂಬ್ತೀರೋ ಇಲ್ಲವೋ, ಆ ಮನುಷ್ಯ ನಂಬಲಿಲ್ಲ. ‘ನನ್ನ ಮನಸಿಗಿ ಸಮಾಧಾನ ಮಾಡ್ಲಿಕತ್ತಿ. ಇಡು ಫೋನ್’ ಅಂದರು. ನಾನು ಯಾರಿಗೂ ಸಮಾಧಾನ ಮಾಡುವವಳಲ್ಲ, ಅದು ಅವರಿಗೂ ಗೊತ್ತಿತ್ತು.

ಹುಳಗಳು ಮೋರಿ ದಾಟಿ ಗುಡಿಸಲಿನ ಕಡೆ ಬಂದವು. ಆ ವರ್ಷ ನಮ್ಮ ತುಂಡಿನಲ್ಲಿ ಕಸ ಮೊಣಕಾಲಿನ ಮೇಲೆ ಏಳಲಿಲ್ಲ, ಹೂವು ಅಲ್ಲೊಂದು ಇಲ್ಲೊಂದು. ದಸರೆ ಆದಮೇಲೆ ಡಾಕ್ಟರು ಬೆನ್ನಿಗೆ ನಳಿಗೆ ಹಚ್ಚಿದರು. ‘ಸೀಟಿ ಪೂರಾ ಹೋಗಿಲ್ಲ. ಆದರ ಭಾಳ ಕಮ್ಮಿ ಅದ. ಇರ್ರಿ ಲೈನಿನ ಮ್ಯಾಲೇ’ ಅಂದರು. ಕಾಗದಕ್ಕೆ ಸಹಿ ಬಿತ್ತು.

ರಜೆ ಸಿಕ್ಕಾಗ ಚಳಿ ಶುರುವಾಗಿತ್ತು. ಗಿಡಗಳ ಮೇಲೆ ಹುಳ ಕಡಿಮೆಯಾಗಿದ್ದವು. ನಾನೂ ಮೈಬೂಬನೂ ಹುಡುಕಿ ಒಂದಿಷ್ಟು ಹಿಡಿದು ಸ್ಟೀಲಿನ ಡಬ್ಬಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿದೆವು. ಫೋನಿಗೆ ನಂಬದವರು ಕಣ್ಣಿಗಾದರೂ ನಂಬಲಿ. ವಾಡಿಯಿಂದ ಚಿತ್ತಾಪುರದ ಮೇಲೆ ಸೇಡಂ ತನಕ ರೈಲು, ಅಲ್ಲಿಂದ ಚಿಂಚೋಳಿಗೆ ಬಸ್ಸು. ಡಬ್ಬಿ ತೊಡೆಯ ಮೇಲೆ. ಪಕ್ಕದವಳು ‘ಏನವ್ವ, ಉಂಡಿ ಏನು?’ ಅಂದಳು. ‘ಹುಳ’ ಅಂದೆ. ಎದ್ದು ಬೇರೆ ಕಡೆ ಕೂತಳು.

ಮೇಟಣ್ಣನ ಹೆಂಡತಿ ಬಾಗಿಲಲ್ಲೇ ದೂರು ಹೇಳಿದಳು. ‘ಚಲೋ ಬಂದಿ ನೋಡವ್ವ. ಇವರನ್ನ ಹೊಳ್ಳಿ ರೈಲಿಗೇ ಒಯ್ಯಿ. ಮನ್ಯಾಗ ಒಂದು ಸಾಮಾನ ಇಟ್ಟಲ್ಲಿ ಇರೂದಿಲ್ಲ. ನಿನ್ನಿ ಒಲಿ ಕಿತ್ತಿ ಹಾಕ್ಯಾರ, ಹೊಗಿ ಬರ್ತದಂತ. ಈಗ ಮೂರು ಕಲ್ಲಿನ ಮ್ಯಾಲೆ ಅಡಗಿ ಮಾಡ್ಲಿಕತ್ತೀನಿ.’

ಮೇಟಣ್ಣ ಹಿತ್ತಲಿನಿಂದ ಬಂದರು. ಸೊರಗಿಹೋಗಿದ್ದರು. ನಾನು ಡಬ್ಬಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಒಂದು ಹುಳ ಅಂಚಿಗೆ ಹತ್ತಿ ಅವರ ಬೆರಳಿನ ಮೇಲೆ ನಡೆಯಿತು. ಕೈ ತಿರುಗಿಸಿ ತಿರುಗಿಸಿ ನೋಡಿದರು.

‘ಎಲ್ಲಿದ್ದವು?’

‘ಮೋರಿ ಆಚೆ.’

‘ಅಲ್ಲಿ ನಾ ಗೋಣಿ ಹಾಸಿದ್ದಿಲ್ಲ.’

‘ಹಾಸಿದ್ದಿಲ್ಲ. ಮುಗಿದಿದ್ವು.’

‘ಅಂದ್ರ ನಾ ಕೈ ಹಚ್ಚದ ಕಡಿ ಬದುಕ್ಯಾವ.’

‘ಹೌದ್ರಿ’ ಅಂದೆ. ಬೇರೆ ಏನು ಅನ್ನಬೇಕಿತ್ತು?

ಅವರ ಭುಜ ಅಲುಗತೊಡಗಿತು. ಅಳುತ್ತಾರೇನೋ ಅಂದುಕೊಂಡೆ. ನಗುತ್ತಿದ್ದರು. ಹೆಂಡತಿ ಒಳಗಿನಿಂದ ಇಣುಕಿ ನೋಡಿದಳು.

‘ನಿನ್ನ ಎದಿ?’

‘ಲೈನಿನ ಮ್ಯಾಲೇ ಇಟ್ಟಾರ.’

ತಲೆಯಾಡಿಸಿದರು. ಆಮೇಲೆ ಒಮ್ಮೆಲೇ ಸಿಟ್ಟು ಬಂತು. ‘ಅಲ್ಲ, ಇವನ್ನ ಯಾಕ ಹಿಡಕೊಂಡು ಬಂದಿ? ಚಳಿ ಬಿತ್ತು. ಮಣ್ಣಾಗ ಇಳಿಯೂ ಹೊತ್ತಿನಾಗ ಬಸ್ಸಿನ್ಯಾಗ ಕುಂದರಿಸಿ ಊರು ತೋರಸ್ಲಿಕತ್ತಿಯೇನು?’

‘ನಿಮ್ಮ ಹಿತ್ತಲಾಗೇ ಬಿಡೂಣು ಹಂಗಾರ. ಇಲ್ಲೂ ಕಸ ಅದ.’

‘ಇಲ್ಲಿ ಬ್ಯಾಡ. ಇಲ್ಲಿ ನಾ ಅದೀನಲ್ಲ. ನಾ ಸುಮ್ಮ ಬಿಡಾಂವಲ್ಲ, ನನಗ ಗೊತ್ತದ. ನಾಳಿ ಮುಂಜಾನಿ ಒಯ್ಯಿ.’

ಅವರನ್ನು ನೋಡಿದ್ದು ಅದೇ ಕೊನೆ. ಸಂಕ್ರಾಂತಿ ಆದಮೇಲೆ ಹೋದರು, ಎದೆನೋವಂತೆ. ಬಾವಿಯ ಹಗ್ಗ ಸರಿಮಾಡುತ್ತಿದ್ದರಂತೆ, ಅಲ್ಲೇ ಬಿದ್ದರಂತೆ. ನನಗೆ ಸುದ್ದಿ ಬಂದಾಗ ಮಣ್ಣು ಮಾಡಿ ಮೂರು ದಿನವಾಗಿತ್ತು. ನಾನು ಅರವತ್ತರ ತನಕ ಅದೇ ಲೈನಿನ ಮೇಲೆ ದುಡಿದೆ. ಅತ್ತೆ ನಾಲವಾರದ ಮನೆಯಲ್ಲಿ, ನನ್ನ ಕೈಯಲ್ಲಿ ನೀರು ಕುಡಿದು ಸತ್ತಳು. ಪ್ರತಿ ಮಳೆಗೆ ಹುಳ ಎದ್ದವು, ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಅವನ್ನು ತಂದವರು ಮೇಟಣ್ಣ, ಮುಕ್ಕಾಲು ಪಾಲು ಕೊಂದವರೂ ಅವರೇ. ಉಳಿದ ಕಾಲುಭಾಗದ ಮೇಲೆ ನನ್ನ ನೌಕರಿ ನಿಂತಿತು. ಋಣ ಅಂದರೆ ಇದನ್ನೇ ಅನ್ನಬೇಕು.

ಡಬ್ಬಿ ಒಯ್ದಿದ್ದ ಆ ದಿನ ಅವರ ಮನೆಯಲ್ಲಿ, ಮೂರು ಕಲ್ಲಿನ ಮೇಲೆ ಬೇಯಿಸಿದ್ದನ್ನು ಉಂಡು ಅಲ್ಲೇ ಮಲಗಿದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಸೇಡಂಗೆ ಬಂದು ರೈಲು ಹತ್ತಿದೆ. ವಾಡಿಯಲ್ಲಿ ಇಳಿದು ಹಳಿಯ ಗುಂಟ ನಡೆದು, ಮೋರಿ ದಾಟಿ, ಮಣ್ಣು ಸಡಿಲವಿದ್ದ ಕಡೆ ಡಬ್ಬಿ ಬೋರಲು ಹಾಕಿದೆ. ಎರಡು ಸತ್ತಿದ್ದವು. ಉಳಿದವು ಅಲ್ಲಿಲ್ಲಿ ಸರಿದಾಡಿ ತಲೆ ಕೆಳಗೆ ಮಾಡಿ ಮಣ್ಣು ತೋಡತೊಡಗಿದವು. ನೀರು ಹಾಕಲಿಲ್ಲ, ಮಣ್ಣು ಮುಚ್ಚಲಿಲ್ಲ, ಕೈ ಹಚ್ಚಲಿಲ್ಲ. ಗ್ಯಾಂಗು ಆಗಲೇ ಕೆಲಸಕ್ಕೆ ನಿಂತಿತ್ತು. ತಡವಾಗಿ ಬಂದದ್ದಕ್ಕೆ ಹೊಸ ಮೇಟ್ ಬೈದ. ಬೈಸಿಕೊಂಡು, ಸೀರೆ ಎತ್ತಿ ಕಟ್ಟಿ, ಮೈಬೂಬನ ಪಕ್ಕದಲ್ಲಿ ನಿಂತು ಖಡಿ ಎಳೆಯತೊಡಗಿದೆ.